ವಸಂತನ ಪಾಲಿಯೆಸ್ಟರ್ ಸ್ವೆಟರು

ಎಲ್ಲ ಅನಾಹುತಕ್ಕೂ ಕಾರಣ ಆ ಸ್ವೆಟರು. ಡಿಸೆಂಬರಿನ ಚಳಿಗೆ ಹೆದರಿ ವಸಂತ್ ಶಿವಾಜಿನಗರದ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡ ಅಪ್ಪಟ ಪಾಲಿಯೆಸ್ಟರ್ ಮಾಲು. ಅದನ್ನು ತೊಟ್ಟಂದಿನಿಂದ ಅವನು ಮುಟ್ಟಿದ್ದೆಲ್ಲ ಚಟ್ ಎನ್ನುತ್ತಿತ್ತು. ಬಾಗಿಲ ಚಿಲಕ, ನಲ್ಲಿ, ಆಫೀಸಿನ ಲಿಫ್ಟು, ಒಂದೂ ಬಿಟ್ಟಿಲ್ಲ. ನಿನ್ನೆ ಸಹೋದ್ಯೋಗಿ ಮೊಹ್ಸಿನ್ ಇವನ ಕೈ ಕುಲುಕಿ ಕಿರುಚಿಯೇ ಬಿಟ್ಟ.

“ನಾಳೆ ಮಧ್ಯಾಹ್ನ ನಮ್ಮನೇಲಿ ದಾವತ್ ಗುರು. ಹಿಂಗೇ ಬಂದ್ರೆ ಅಮ್ಮಿ ನಿನ್ನ ಬಿರಿಯಾನಿ ಡೇಗ್ಚಿ ಹತ್ರಾನೂ ಬಿಡಲ್ಲ, ನೋಡ್ಕೋ!”

ಮೊಹ್ಸಿನ್‌ನ ತಾಯಿ ಫಹ್ಮಿದಾ ಮಾಡುವ ಮಟನ್ ಬಿರಿಯಾನಿಗಾಗಿ ವಸಂತ್ ವರ್ಷದಿಂದ ಬಾಯಲ್ಲಿ ನೀರೂರಿಸಿಕೊಂಡು ಕಾದಿದ್ದ. ಬೆಳಗಾಗುತ್ತಲೇ ಹಲಸೂರಿನ ತನ್ನ ಪಕ್ಕದ ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಮುನಿಆಂಜನಪ್ಪನವರ ಬಾಗಿಲು ತಟ್ಟಿದ.

“ಸ್ಥಿರ ವಿದ್ಯುತ್ತು ಕಣಯ್ಯಾ!” ಮೇಷ್ಟ್ರಿಗೆ ಹುರುಪು ಬಂತು. “ಸ್ವೆಟರು ಉಜ್ಜಿದಾಗ ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ಹೋಗ್ತವೆ. ಮಳೆಗಾಲ ಆಗಿದ್ರೆ ತೇವದ ಗಾಳೀಲಿ ಸೋರಿಹೋಗ್ತಿತ್ತು. ಈಗ ಒಣಹವೆ, ನಿನ್ ಕಾಲಲ್ಲಿ ರಬ್ಬರ್ ಬೂಟು. ಚಾರ್ಜು ಎಲ್ಲಿಗೆ ಹೋಗ್ಬೇಕು? ಮೈಯಲ್ಲೇ ಕೂತಿದ್ದು ಲೋಹ ಕಂಡ ತಕ್ಷಣ ಹಾರುತ್ತೆ. ಹತ್ತಿ ಬಟ್ಟೆ ಹಾಕು, ಬರಿಗಾಲಲ್ಲಿ ನಡಿ. ಎಲ್ಲಾ ಭೂಮಿಗೆ ಇಳಿದುಹೋಗುತ್ತೆ.”

ಇಸ್ತ್ರಿಯಾಗಿದ್ದ ಹತ್ತಿ ಬಟ್ಟೆಯೆಂದರೆ ಕಪ್ಪು ಶರ್ಟು, ಕಪ್ಪು ಪ್ಯಾಂಟು. ಶಾಕಿನ ಭಯಕ್ಕೆ ಶೇವರ್ ಮುಟ್ಟದೆ ವಾರವಾಗಿತ್ತು, ಗಡ್ಡ ಹುಲುಸಾಗಿತ್ತು. ಹಾಗೇ ಬರಿಗಾಲಲ್ಲಿ ದೊಮ್ಮಲೂರಿನ ಆಫೀಸಿಗೆ ಹೋದ. ಲಿಫ್ಟು ಮುಟ್ಟಿದ, ಚಟ್ ಇಲ್ಲ, ಪಟ್ ಇಲ್ಲ. ಕುಣಿಯುವುದೊಂದು ಬಾಕಿ.

“ಸ್ವಾಮಿ ಶರಣಂ,” ಎಂದ ಸೆಕ್ಯೂರಿಟಿಯವನು ಕೈಮುಗಿದು. ವಸಂತ್ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಒಳಗೆ ಮ್ಯಾನೇಜರ್ ನಂದಿತಾ ಎದ್ದೇ ನಿಂತರು. “ಅಯ್ಯಪ್ಪನ ಮಾಲೆ ಹಾಕಿದೀರಾ ಅಂತ ಮೊದ್ಲೇ ಹೇಳ್ಬಾರ್ದಾ ವಸಂತ್? ಸಂಕ್ರಾಂತಿವರೆಗೂ ನಿಮಗೆ ನೈಟ್ ಶಿಫ್ಟ್ ಬೇಡ.”

“ಮಾಲೆ ಕಾಣ್ತಾನೇ ಇಲ್ಲ?” ಎಂದರು ಯಾರೋ.

“ಶರ್ಟ್ ಒಳಗಿರುತ್ತೆ ಬಿಡ್ರೀ,” ಎಂದರು ಇನ್ಯಾರೋ.

ನಿಜ ಹೇಳಲು ಬಾಯಿ ತೆರೆದಿದ್ದ ವಸಂತ್, ನೈಟ್ ಶಿಫ್ಟ್ ನೆನೆದು ಮೆಲ್ಲಗೆ ಮುಚ್ಚಿಕೊಂಡ. ಹೇಳದೇ ಇರುವುದು ಸುಳ್ಳು ಹೇಳಿದಂತಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ಸುದ್ದಿ ಮಾತ್ರ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬಿ, ದಾವತ್ತಿಗೆಂದು ರಜೆ ಹಾಕಿದ್ದ ಮೊಹ್ಸಿನ್‌ಗೂ ತಲುಪಿತು.

ಮಧ್ಯಾಹ್ನ ಫ್ರೇಜರ್ ಟೌನಿನ ಆ ಮನೆಯ ಗೇಟಿನಲ್ಲೇ ಬಿರಿಯಾನಿಯ ಘಮ ಮೂಗಿಗೆ ಬಡಿಯಿತು. ಫಹ್ಮಿದಾ ಓಡಿ ಬಂದರು.

“ಬಾ ಬೇಟಾ! ಮೊಹ್ಸಿನ್ ಹೇಳಿದ್ ಕೂಡ್ಲೆ ಹೊಸಾ ಪಾತ್ರೆ ತರಿಸ್ದೆ. ನಿಂಗೇ ಅಂತ ಬೇರೆ ಒಲೇಲಿ ಅನ್ನ, ಬೇಳೆ ಸಾರು. ಈರುಳ್ಳಿ ಕೂಡ ಹಾಕಿಲ್ಲ.”

ವಸಂತ್ ಅವರ ಹಿಂದೆ ಒಳಗೆ ಹೋದ. ನಿಜ ಹೇಳಿಬಿಡೋಣವೆಂದು ತಲೆಯೆತ್ತಿದರೆ, ದಾವತ್ತಿಗೆ ಇವನಿಗಿಂತ ಮೊದಲೇ ಬಂದಿದ್ದ ನಂದಿತಾ ಮೇಡಂ ಎದುರಿಗೆ ತಟ್ಟೆ ತುಂಬ ಬಿರಿಯಾನಿ ಹಾಕಿಸಿಕೊಂಡು ಕೂತಿದ್ದರು. ಇವನನ್ನು ಕಂಡು ಭಕ್ತಿಯಿಂದ ತಟ್ಟೆಯನ್ನು ಆಚೆ ಸರಿಸಿದರು.

ಅವನಿಗೆಂದೇ ಮೂಲೆಯಲ್ಲಿ ಹೊಚ್ಚ ಹೊಸ ನೈಲಾನ್ ಕಾರ್ಪೆಟ್ ಹಾಸಿತ್ತು. ಸಂಕಟಕ್ಕೆ ಅದರ ಮೇಲೆ ಆಚೆ ಈಚೆ ಉಜ್ಜಾಡುತ್ತ ಕೂತ. ಫಹ್ಮಿದಾ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದರು. ವಸಂತ್ ಕೈ ಚಾಚಿದ.

ಚಟ್!

ಲೋಟ ಬಿತ್ತು. ಫಹ್ಮಿದಾ ಕೈ ಕೊಡವಿಕೊಂಡು ಕಣ್ಣರಳಿಸಿದರು.

“ಯಾ ಅಲ್ಲಾ, ಏನ್ ಪವರ್ ಈ ಹುಡ್ಗನ ವ್ರತಕ್ಕೆ! ಮೊಹ್ಸಿನ್, ಇವ್ನು ಹೋಟ್ಲಲ್ಲಿ ತಿಂದು ವ್ರತ ಕೆಡಬಾರ್ದು. ಸಂಕ್ರಾಂತಿವರ್ಗೂ ದಿನಾ ನಾನೇ ಬೇಳೆ ಸಾರು ಮಾಡಿ ಕಳಿಸ್ತೀನಿ.”

“ಅವರು ಪೂರ್ತಿ ಊಟ ಮಾಡೋದನ್ನ ನಾನು ನೋಡ್ಕೋತೀನಮ್ಮಾ,” ಎಂದರು ನಂದಿತಾ ಮೇಡಂ, ಮೂಳೆ ಚೀಪುತ್ತ.