ಮಹಾರಾಜರ ಮೂಗು ಮತ್ತು ಹೊನ್ನಾಜಮ್ಮನ ಲಗೇಜ್ ಆಟೋ

ಬಹಳ ಹಿಂದೆ ಒಂದು ರಾಜ್ಯವಿತ್ತು ಎಂದು ಶುರು ಮಾಡಿದರೆ ಯಾರಿಗೂ ಸಿಟ್ಟು ಬರುವುದಿಲ್ಲವಂತೆ. ಹಾಗಾದರೆ ಬಹಳ ಹಿಂದೆಯೇ ಇತ್ತೆಂದು ಇಟ್ಟುಕೊಳ್ಳಿ. ಹೆಸರು ನಿಗಾವತಿ. ಅಲ್ಲಿ ಶ್ರೀಮನ್ಮಹಾರಾಜ ಪ್ರಚಂಡವರ್ಮರು ಪ್ರಜೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಸ್ವಂತ ಕಣ್ಣು ಸಾಲದೆ ಬೀದಿಬೀದಿಗೂ ಕ್ಯಾಮೆರಾ ಹಾಕಿಸಿ, ಆ ಜಾಲಕ್ಕೆ 'ಸಹಸ್ರಾಕ್ಷ' ಎಂದು ನಾಮಕರಣವನ್ನೂ ಮಾಡಿದ್ದರು. ಯಾವ ಗಾಡಿ ಎಲ್ಲಿ ತಿರುಗಿತು, ಎಲ್ಲಿ ನಿಂತಿತು, ಎಲ್ಲವೂ ನಂಬರ್ ಪ್ಲೇಟಿನ ಸಮೇತ ಸಹಸ್ರಾಕ್ಷನಿಗೆ ಗೊತ್ತು. ಅಧಿಕಾರಸ್ಥರ ಗಾಡಿಗಳಿಗೆ ಮಾತ್ರ ನಂಬರಿನ ಜಾಗದಲ್ಲಿ ಕೆಂಪು ಫಲಕ ಹಾಕಿ ಬಿರುದು ಬರೆಸುವ ಪದ್ಧತಿ. ದೊಡ್ಡವರನ್ನು ಅಂಕಿಯಿಂದ ಕರೆಯುವುದುಂಟೇ? ಛೆ!

ಸೊಪ್ಪು ಮಾರುವ ಹೊನ್ನಾಜಮ್ಮನ ಲಗೇಜ್ ಆಟೋಗೆ ಬಿರುದಿರಲಿಲ್ಲ, ನಂಬರಿತ್ತು. ಗಂಡ ತೀರಿಕೊಂಡ ಮೇಲೆ ಆಕೆಯೇ ಹ್ಯಾಂಡಲ್ ಹಿಡಿದಿದ್ದಳು. ಮುಂದಿನ ಗಾಜಿಗೆ ಅವನು ಅಂಟಿಸಿದ್ದ ಗಿಳಿಯ ಚಿತ್ರ ಹಾಗೇ ಇತ್ತು. ಆ ಆಟೋ ಓಡಿದ ದಿನ ಮನೆಯಲ್ಲಿ ಒಲೆ ಹತ್ತುತ್ತಿತ್ತು, ಓಡದ ದಿನ ಇಲ್ಲ.

ಮಹಾರಾಜರ ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆ ಆಕೆ ದಂಟು, ಮೆಂತ್ಯ, ಸಬ್ಬಸಿಗೆ ತುಂಬಿಕೊಂಡು ಅರಮನೆ ಸರ್ಕಲ್ಲಿಗೆ ಬಂದರೆ, ದಾರಿಗೆ ಅಡ್ಡವಾಗಿ ಒಂದು ಕ್ರೇನು. ಮಹಾಮಂತ್ರಿ ಸ್ತುತಿಧರರು ಪ್ರಭುಗಳ ಪ್ರತಿಮೆಗೆ ಸೇಬಿನ ಹಾರ ಹಾಕಿಸುವ ರಿಹರ್ಸಲ್ ನಡೆಸಿದ್ದರು.

"ಇನ್ನೂ ಮೇಲೆ! ಭಕ್ತಿ ದೂರಕ್ಕೆ ಕಾಣಬೇಕಯ್ಯಾ!" ಎಂದು ಅವರು ಕೂಗಿದ್ದೇ ತಡ, ಕ್ವಿಂಟಲ್‌ಗಟ್ಟಲೆ ತೂಗುತ್ತಿದ್ದ ಹಾರ ಜೋಲಿ ಹೊಡೆದು ಪ್ರತಿಮೆಯ ಮುಖಕ್ಕೆ ಬಡಿಯಿತು. ಮೂಗು ಕಳಚಿ ಕೆಳಗೆ ಬಿತ್ತು. ಕ್ರೇನು, ಹಾರ, ಮಂತ್ರಿಗಳು, ಎಲ್ಲರೂ ನೋಡನೋಡುತ್ತಿದ್ದಂತೆ ಪರಾರಿ. "ಅಯ್ಯೋ ಶಿವನೇ, ಹುಟ್ಟಿದಬ್ಬದ ಹೊತ್ತಲ್ಲಿ ಹಿಂಗಾಗಬೇಕಾ!" ಎಂದು ಮರುಗಿದ ಹೊನ್ನಾಜಮ್ಮ ಆಟೋ ಇಳಿದು, ಮೂಗಿನ ಧೂಳನ್ನು ಸೆರಗಿನಲ್ಲಿ ಒರೆಸಿ, ಕಟ್ಟೆಯ ಮೇಲಿಟ್ಟು ವ್ಯಾಪಾರಕ್ಕೆ ಹೋದಳು.

ಮಧ್ಯಾಹ್ನಕ್ಕೆಲ್ಲ ಕೊತ್ವಾಲ ಕೆಂಚವೀರ ಅವಳ ಮನೆ ಬಾಗಿಲಲ್ಲಿ ಹಾಜರು.

"ಪ್ರಭುಗಳ ಮೂಗು ಮುರಿದವಳು ನೀನೇ ತಾನೇ?"

"ನಾನ್ಯಾಕೆ ಮುರೀಲಿ ಬುದ್ಧಿ? ಮಂತ್ರಿಗಳ ಕ್ರೇನು ಮುರೀತು. ಕಂಬದ ಮೇಲೆ ಕ್ಯಾಮೆರಾ ಐತಲ್ಲ, ಅದನ್ನೇ ಕೇಳಿ. ಅದು ಸುಳ್ಳು ಹೇಳಾಕಿಲ್ಲ."

ಪಾಪ, ಹೊನ್ನಾಜಮ್ಮನಿಗೆ ಸಹಸ್ರಾಕ್ಷನ ಮೇಲೆ ಮಹಾರಾಜರಿಗಿಂತ ಹೆಚ್ಚು ನಂಬಿಕೆ. ಆಟೋ ಠಾಣೆಯ ಅಂಗಳ ಸೇರಿದರೂ, ಸಂಜೆ ವಾಪಸ್ ಬರುತ್ತದೆ ಬಿಡು ಎಂದುಕೊಂಡೇ ಆಕೆ ಆಸ್ಥಾನಕ್ಕೆ ಹೋದಳು.

ಆಸ್ಥಾನದ ದೊಡ್ಡ ಪರದೆಯ ಮೇಲೆ ದೃಶ್ಯ ಮೂಡಿತು. ಕ್ರೇನು ಬಂತು. ಅದರ ಮುಂದೆ 'ಮಹಾಮಂತ್ರಿಗಳು' ಎಂಬ ಕೆಂಪು ಫಲಕ ಥಳಥಳ ಹೊಳೆಯಿತು. ಹಾರ ಬಡಿಯಿತು, ಮೂಗು ಬಿತ್ತು.

"ಕಂಡ್ರಾ ಬುದ್ಧಿ!" ಎಂದಳು ಹೊನ್ನಾಜಮ್ಮ. ಅವಳಿಗೆ ಖುಷಿಯಲ್ಲಿ ಕಣ್ಣೀರೇ ಬಂದಿತ್ತು.

ಸ್ತುತಿಧರರು ಕೆಮ್ಮಿದರು. "ಪ್ರಭೂ, ಕಾಣುವುದು ಬೇರೆ, ಡೇಟಾ ಬೇರೆ. ಸಹಸ್ರಾಕ್ಷನ ವರದಿ ಓದಿಸಬೇಕು."

ಕೊತ್ವಾಲ ಓದಿದ: "ಸದರಿ ಸಮಯದಲ್ಲಿ ಸ್ಥಳದಲ್ಲಿದ್ದ ವಾಹನ, ಲಗೇಜ್ ಆಟೋ ಒಂದೇ. ಚಾಲಕಿ ಇಳಿದು ಮೂಗು ಮುಟ್ಟಿರುತ್ತಾಳೆ."

"ಮತ್ತೆ ಆ ಕ್ರೇನು?" ಎಂದರು ಮಹಾರಾಜರು.

"ಯಾವ ಕ್ರೇನು ಪ್ರಭೂ? ನಂಬರ್ ಇಲ್ಲದ್ದನ್ನು ಸಹಸ್ರಾಕ್ಷ ವಾಹನವೆಂದೇ ಒಪ್ಪುವುದಿಲ್ಲ. ಇನ್ನು ಸಹಸ್ರಾಕ್ಷನೇ ತಪ್ಪೆಂದರೆ, ಅದನ್ನು ಉದ್ಘಾಟಿಸಿದ ಶ್ರೀಹಸ್ತವೇ ತಪ್ಪಿದಂತಾಗುತ್ತದೆ."

ಮಹಾರಾಜರು ತಮ್ಮ ಶ್ರೀಹಸ್ತವನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. "ನಮಗೂ ಕ್ರೇನು ಕಾಣಲಿಲ್ಲ" ಎಂದು ಅಪ್ಪಣೆಯಾಯಿತು. ಕೂಡಲೇ ಇಡೀ ಸಭೆಗೂ ಕಾಣದಾಯಿತು.

"ಅಲ್ಲಾ ಸ್ವಾಮಿ, ಆನೆಯಂಥ ಕ್ರೇನು! ನಿಮ್ಮ ಕಣ್ಣಿಗೇನು ಬಂದಿರೋದು? ಆಟೋ ಕಿತ್ಕೊಂಡ್ರೆ ನಾನು ಏನು ತಿನ್ಲಿ?" ಹೊನ್ನಾಜಮ್ಮ ಪರದೆಯತ್ತ ಕೈ ಚಾಚಿದಳು.

"ರಾಜದೃಷ್ಟಿಯ ನಿಂದನೆ. ಇದನ್ನೂ ಸೇರಿಸಿ" ಎಂದರು ಸ್ತುತಿಧರರು ಮೃದುವಾಗಿ.

ಆಟೋ ಮುಟ್ಟುಗೋಲಾಯಿತು. ಹುಟ್ಟುಹಬ್ಬದ ದಿನ ಸಹಸ್ರಾಕ್ಷನಿಗೆ 'ಸತ್ಯಭೂಷಣ' ಬಿರುದು ದಯಪಾಲಿಸಿ, ಕ್ಯಾಮೆರಾ ಕಂಬಕ್ಕೇ ಶಾಲು ಹೊದಿಸಿ ಪೇಟ ತೊಡಿಸಲಾಯಿತು. ಪೇಟ ಜಾರಿ ಲೆನ್ಸ್ ಮುಚ್ಚಿಕೊಂಡಿತು. ತೆಗೆದರೆ ಅಗೌರವವೆಂದು ಯಾರೂ ತೆಗೆಯಲಿಲ್ಲ, ಪೇಟಕ್ಕೇ ಒಂದು ಪಕ್ಕದಲ್ಲಿ ಕಿಂಡಿ ಕೊರೆದರು. ಪ್ರತಿಮೆಗೆ ಮೊದಲಿಗಿಂತ ಗೇಣುದ್ದ ಹೆಚ್ಚಿನ ಮೂಗು ಬಂತು. ಅದರ ಖರ್ಚಿಗೆ ನಂಬರ್ ಇರುವ ಗಾಡಿಗಳಿಗೆಲ್ಲ ಮೂಗುತೆರಿಗೆ ಬಿತ್ತು. ಮೂಗಿನ ರಕ್ಷಣೆಗೊಂದು ಸಮಿತಿಯಾಗಿ, ಮಹಾಮಂತ್ರಿಗಳ ಬಾಮೈದ ಅದಕ್ಕೆ ಅಧ್ಯಕ್ಷನಾದ. ಅಧ್ಯಕ್ಷರೆಂದ ಮೇಲೆ ವಾಹನ ಬೇಡವೇ? ಮುಟ್ಟುಗೋಲಾದ ಆಟೋ ಇತ್ತಲ್ಲ, ಅದರ ನಂಬರ್ ಕೆರೆದು ಕೆಂಪು ಫಲಕ ಜಡಿದರು.

ಹೊನ್ನಾಜಮ್ಮ ತಲೆಯ ಮೇಲೆ ಬುಟ್ಟಿ ಹೊತ್ತಳು. ಒಂದು ಬೆಳಿಗ್ಗೆ ಅದೇ ಸರ್ಕಲ್ಲಿನಲ್ಲಿ ಆಟೋ ಒಂದು ರೊಯ್ಯನೆ ತಿರುಗಿ ಆಕೆಯನ್ನು ಗುದ್ದಿ, ನಿಲ್ಲದೆ ಹೋಯಿತು. ಬುಟ್ಟಿ ಉರುಳಿತು. ಬಿದ್ದಲ್ಲಿಂದಲೇ ಆಕೆ ನೋಡಿದಳು. ಮುಂದಿನ ಗಾಜಿನಲ್ಲಿ ಅದೇ ಗಿಳಿ. ಮೈಗಾದ ನೋವಿಗಿಂತ ಅದು ಹೆಚ್ಚು ಉರಿಯಿತು.

ಕುಂಟುತ್ತ ಹೋಗಿ ಕೊತ್ವಾಲನಿಗೆ ದೂರು ಕೊಟ್ಟಳು. ಕೆಂಚವೀರ ಸಹಸ್ರಾಕ್ಷನನ್ನು ವಿಚಾರಿಸಿ, ಅವಳ ಮುಖ ನೋಡದೆ ಹೇಳಿದ: "ಆ ಹೊತ್ತಿಗೆ ಅಲ್ಲಿ ಯಾವ ವಾಹನವೂ ಇರಲಿಲ್ಲ ಕಣಮ್ಮಾ. ರಸ್ತೆ ಮೇಲೆ ಸೊಪ್ಪು ಚೆಲ್ಲಿದೋಳು ಒಬ್ಬಳು ಮಾತ್ರ ಕಾಣ್ತಾವ್ಳೆ."

ಹೀಗೆಂದು ದಂಡದ ಚೀಟಿ ಹರಿದು ಅವಳ ಕೈಗಿಟ್ಟ.