ಹರಟೆಕಟ್ಟೆಯ ಸ್ಥಳಾಂತರ

ಕನ್ನಡಕದಂಗಡಿಯವರು ಸಭೆಗಳಲ್ಲಿ ಎದ್ದು ನಿಂತು ಮಾತಾಡುವ ಪೈಕಿಯವರಲ್ಲ. ಮೀನು ಸಾಕುವವರ ಸಂಘದ ವಾರ್ಷಿಕ ಸಭೆಯಲ್ಲಿ ಅವರು ಎದ್ದು ನಿಂತದ್ದು ಕಾಲು ಜೋಮು ಹಿಡಿದಿತ್ತೆಂಬ ಒಂದೇ ಕಾರಣಕ್ಕೆ. ದುರದೃಷ್ಟವೆಂದರೆ ಅದೇ ಗಳಿಗೆಯಲ್ಲಿ ಅಧ್ಯಕ್ಷರು, "ಹಳೇ ಹರಟೆಕಟ್ಟೆ ಉಳಿಸೋ ಜವಾಬ್ದಾರಿ ಯಾರಾದ್ರೂ ತಗೋತೀರಾ?" ಎಂದು ಕೇಳಿದ್ದರು. ಸಭೆ ಚಪ್ಪಾಳೆ ತಟ್ಟಿತು. ಅಷ್ಟು ಚಪ್ಪಾಳೆಯಾದ ಮೇಲೆ ಕಾಲು ಜೋಮಿನ ವಿಷಯ ಎತ್ತುವುದು ಮರ್ಯಾದಸ್ಥರ ಲಕ್ಷಣವಲ್ಲ. ಅವರು ಗಂಭೀರವಾಗಿ ತಲೆದೂಗಿ ಮತ್ತೆ ಕೂತರು.

ಹರಟೆಕಟ್ಟೆ ಎಂದರೆ ಸಂಘದ ವೆಬ್‌ಸೈಟಿನಲ್ಲಿ ಸದಸ್ಯರು ತಮಗೆ ತೋಚಿದ ಅಡ್ಡಹೆಸರಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಜಾಗ. ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದರೆ, ಪಂಪು ಗೊರಕೆ ಹೊಡೆದರೆ, ತೊಟ್ಟಿಯ ನೀರು ಹಸಿರಾದರೆ ಎಲ್ಲರೂ ಬಂದು ಅಲ್ಲಿ ಗೋಳು ತೋಡಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಹೀಗೆ ನಡೆದಿತ್ತು. ಈಗ ಸಂಘ ಹೊಸ ವೆಬ್‌ಸೈಟಿಗೆ ಹೋಗುತ್ತಿತ್ತು. ವೆಬ್‌ಸೈಟ್ ಮಾಡಿಕೊಡುತ್ತಿದ್ದವನು ಹಳೆಯದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ತೀರಾ ಹಳೇ ಕಾಲದ್ದು ಸಾರ್, ಹೊಸದರೊಳಗೆ ಇಳಿಯಲ್ಲ. ಬೇಕಾದ್ರೆ ಒಂದೊಂದೇ ಪುಟ ಕೈಯಲ್ಲಿ ಸೇವ್ ಮಾಡಿ ಕೊಡಿ. ತಿಂಗಳು ಮುಗಿದ್ರೆ ಹಳೇದು ಮುಚ್ಚಿಹೋಗುತ್ತೆ" ಎಂದುಬಿಟ್ಟಿದ್ದ.

ಮನೆಗೆ ಬಂದು ಈ ಮಹತ್ಕಾರ್ಯವನ್ನು ಘೋಷಿಸಿದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದರು. ಅವರು ಶಾಲೆಯೊಂದರ ಹೆಡ್‌ಮಿಸ್. ತಪ್ಪನ್ನು ಬಾಗಿಲಲ್ಲೇ ಗುರುತಿಸಿ ನಿಲ್ಲಿಸುವುದು ಅವರಿಗೆ ಅಭ್ಯಾಸ.

"ಒಲೆ ಮೇಲಿನ ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ ಅಂದ್ರೆ ನಿಮ್ಮ ಕೈಲಾಗಲ್ಲ. ಸಂಘದ ಇತಿಹಾಸ ಉಳಿಸ್ತೀರಾ?"

"ಹಾಲು ಬೇರೆ, ಇತಿಹಾಸ ಬೇರೆ ಕಣೇ. ಇತಿಹಾಸ ಉಕ್ಕಲ್ಲ."

"ಇದನ್ನ ಯಾವಾಗ ಮಾಡ್ತೀರಿ? ಹಗಲು ಅಂಗಡೀಲಿರ್ತೀರಿ, ಸಂಜೆ ತೊಟ್ಟಿ ಮುಂದೆ ಇರ್ತೀರಿ."

ಆಗ ಒಳಕೋಣೆಯಿಂದ ಅತ್ತೆಯ ದನಿ ಬಂತು. "ನಾನು ಒತ್ತುತೀನಿ ಬಿಡಿ ಅಳಿಯಂದ್ರೆ. ಮಂಡಿ ನೋವು ಅಂತ ಕೂತೇ ಇದೀನಲ್ಲ. ಬೆರಳಿಗೇನೂ ನೋವಿಲ್ಲ."

ಹೆಂಡತಿಯ ತಾಯಿ ಮಂಡಿ ತೋರಿಸಿಕೊಳ್ಳಲು ಬಂದವರು ಅಲ್ಲೇ ಉಳಿದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೀನೆಂದರೆ ಅವರಿಗೆ ತಾತ್ಸಾರ. (ಅಳಿಯನ ತೊಟ್ಟಿಯನ್ನು ಅವರು ಕರೆಯುತ್ತಿದ್ದುದು "ಆ ಒದ್ದೆ ಟೀವಿ" ಎಂದು.) ಆದರೆ ಗುಂಡಿ ಒತ್ತುವ ಕೆಲಸಕ್ಕೆ ಅವರಷ್ಟು ಅನುಭವಸ್ಥರು ಬೇರೆ ಯಾರಿದ್ದಾರೆ? ಕನ್ನಡಕದಂಗಡಿಯವರು ಮರುದಿನ ಬೆಳಗ್ಗೆಯೇ ಅತ್ತೆಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಎಲ್ಲ ತೋರಿಸಿಕೊಟ್ಟರು.

"ಪುಟ ತೆರೀಬೇಕು, ಇಲ್ಲಿ ಒತ್ತಬೇಕು, ಮುಂದಿನ ಪುಟಕ್ಕೆ ಹೋಗಬೇಕು. ಅಷ್ಟೇ ಅತ್ತೆ. ಓದೋ ಗೋಜಿಗೆ ಹೋಗಬೇಡಿ."

"ನಮ್ಮ ಎಕ್ಸ್‌ಚೇಂಜಲ್ಲೂ ಅದೇ ರೂಲು ಇತ್ತು. ಲೈನು ಜೋಡಿಸಬೇಕು, ಮಾತು ಕೇಳಬಾರದು."

"ಹಾಗಾದ್ರೆ ನಿಮಗೆ ಕಷ್ಟವಾಗಲ್ಲ."

"ರೂಲು ಇತ್ತು ಅಂದೆ" ಎಂದು ಅತ್ತೆ ಕನ್ನಡಕ ಏರಿಸಿಕೊಂಡರು.

ಆ ಮಾತಿನ ಅರ್ಥ ಸಂಜೆ ತಿಳಿಯಿತು. ಬೆಟ್ಟದಷ್ಟು ಕೆಲಸದಲ್ಲಿ ಅಂಗೈಯಷ್ಟು ಮುಗಿದಿತ್ತು. ಆದರೆ ಅತ್ತೆಗೆ ಹರಟೆಕಟ್ಟೆಯ ಅರ್ಧ ಜನರ ಜಾತಕವೇ ಬಾಯಿಪಾಠವಾಗಿತ್ತು.

"ಈ ಮುಳ್ಳುಮೀಸೆ ಅನ್ನೋರು ಇದ್ದಾರಲ್ಲ, ಭಾರೀ ಅಹಂಕಾರ. ವಾರಕ್ಕೊಂದು ಸಲ ಕಾಲು ಭಾಗ ನೀರು ಬದಲಿಸಬೇಕು ಅಂತ ತಿಳಿನೀರು ಎಷ್ಟು ಮೃದುವಾಗಿ ಹೇಳ್ತಾರೆ. ಇವರು ಮೂರನೇ ಒಂದು ಭಾಗ ಅಂತ ಹಟ ಹಿಡಿದಿದ್ದಾರೆ. ಮಳೆಗಾಲ ಕಳೆದು ಬೇಸಿಗೆ ಬಂದ್ರೂ ಬಿಟ್ಟಿಲ್ಲ."

"ಅತ್ತೆ, ಬರೀ ಒತ್ತಿ ಅಂದಿದ್ದೆ."

"ಒತ್ತಿದೀನಲ್ಲ. ಓದಿ ಒತ್ತಿದೀನಿ."

"ಆಮೇಲೇನಾಯ್ತಮ್ಮ? ತಿಳಿನೀರು ಸೋತರಾ?" ಹೆಡ್‌ಮಿಸ್ ತಟ್ಟೆ ಬಿಟ್ಟು ಕೇಳಿದರು.

ಅಲ್ಲಿಗೆ ಮನೆಯ ಆಡಳಿತ ಕುಸಿಯಿತು. ಊಟದ ಮೇಜಿನಲ್ಲಿ ಲ್ಯಾಪ್‌ಟಾಪಿಗೆ ಒಂದು ಜಾಗವಾಯಿತು. ಹೆಂಡತಿ ಶಾಲೆಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲು, "ತಿಮಿಂಗಿಲ ಅನ್ನೋರ ಮೀನು ಉಳೀತಾ?" ಎಂದು ಕೇಳತೊಡಗಿದರು. ಒಲೆ ಮೇಲಿನ ಹಾಲು ಪ್ರತಿದಿನ ಉಕ್ಕಿತು. ಯಾರೂ ಯಾರನ್ನೂ ಬಯ್ಯಲಿಲ್ಲ.

ನಿಜ ಹೇಳಬೇಕೆಂದರೆ ಕನ್ನಡಕದಂಗಡಿಯವರು ಹರಟೆಕಟ್ಟೆಯಲ್ಲಿ ಓದಿದ್ದು ತಾವು ಬರೆದದ್ದನ್ನು, ಅದಕ್ಕೆ ಬಂದ ಉತ್ತರಗಳನ್ನು, ಅಷ್ಟೇ. ಉಳಿದದ್ದು ಬೇರೆಯವರ ಗಲಾಟೆ ಎಂದು ಬಿಟ್ಟಿದ್ದರು. ಈಗ ಅತ್ತೆಯ ಹೆಗಲ ಮೇಲಿಂದ ಇಣುಕಿ ನೋಡುತ್ತ ನೋಡುತ್ತ ಅವರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಒಂದು ಕಡೆ ಯಾರದೋ ಬಡಾವಣೆಯಲ್ಲಿ ಕರೆಂಟು ಹೋಗಿ ಎರಡು ದಿನ ಬಂದಿರಲಿಲ್ಲ. ಪಂಪು ನಿಂತು ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿವೆ ಎಂದು ಆ ಮನುಷ್ಯ ಬರೆದಿದ್ದ. ಅದರ ಕೆಳಗೆ ಉಪದೇಶ ಮಾಡಿದವರು ಯಾರೂ ಇರಲಿಲ್ಲ. "ಬ್ಯಾಟರಿ ಪಂಪು ತಗೊಂಡು ಹೊರಟೆ", "ನಾನು ಹೊರಟೆ, ದಾರಿ ಹೇಳಿ", "ನನ್ನ ಬಸ್ಸಿನ ಪಾಳಿ ಮುಗೀತು, ಬಂದೆ" ಎಂದು ಒಬ್ಬರ ಹಿಂದೆ ಒಬ್ಬರು. ಮುಖವನ್ನೇ ನೋಡಿರದವನ ಮೀನಿಗಾಗಿ ಜನ ಬಕೆಟ್ ಹಿಡಿದು ಓಡಿದ್ದರು.

"ಇದೆಲ್ಲ ನಮ್ಮ ಸಂಘದಲ್ಲೇ ನಡೆದಿದ್ದಾ?" ಎಂದು ಕನ್ನಡಕದಂಗಡಿಯವರು ಕೇಳಿದರು.

"ನಿಮ್ಮ ಸಂಘ, ನನ್ನನ್ನ ಕೇಳ್ತೀರಾ?" ಎಂದರು ಅತ್ತೆ.

ಒಂದು ಸಂಜೆ ಅಂಗಡಿಯಿಂದ ಬಂದಾಗ ಅತ್ತೆ ಒತ್ತುವುದನ್ನು ನಿಲ್ಲಿಸಿ ಕೂತಿದ್ದರು. ಪರದೆ ತೆರೆದೇ ಇತ್ತು. ನೀಲಿರೆಕ್ಕೆ ಎಂಬ ಹೆಸರಿನಲ್ಲಿ ಬಂದ ಬರಹ. "ಇದನ್ನು ಬರೆಯುತ್ತಿರುವವನು ನೀಲಿರೆಕ್ಕೆಯ ಗಂಡ. ಅವಳು ಹೋದ ವಾರ ತೀರಿಕೊಂಡಳು. ಮೀನುಗಳಿಗೆ ಏನು ಹಾಕುತ್ತಿದ್ದಳೋ ನನಗೆ ಗೊತ್ತಿಲ್ಲ. ಯಾರಾದರೂ ಹೇಳಿ."

ಮೊದಲ ಉತ್ತರ ಆ ಅಹಂಕಾರಿ ಮುಳ್ಳುಮೀಸೆಯದು. "ಚಿಟಿಕೆಯಷ್ಟು, ದಿನಕ್ಕೆರಡು ಸಲ. ಹೆಚ್ಚು ಹಾಕಬೇಡಿ. ನಾಳೆ ಹೇಗಿವೆ ಅಂತ ಬರೆಯಿರಿ." ನೀಲಿರೆಕ್ಕೆಯ ಗಂಡ ಮರುದಿನ ಬರೆದಿದ್ದ. ಅದರ ಮರುದಿನವೂ ಬರೆದಿದ್ದ. ನೀರಿನ ಬಿಸಿ ಎಷ್ಟಿರಬೇಕು, ಗಾಜಿನ ಪಾಚಿ ಯಾವುದರಿಂದ ಉಜ್ಜಬೇಕು, ಬರೀ ಇಂಥವೇ ಮಾತು, ಪುಟದ ಮೇಲೆ ಪುಟ. ಸತ್ತವಳ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಆದರೆ ಪ್ರತಿ ಬೆಳಗ್ಗೆ ಯಾರಾದರೊಬ್ಬರು ತಪ್ಪದೆ ಕೇಳಿದ್ದರು. "ಮೀನು ತಿಂದವಾ? ನೀವು ತಿಂದ್ರಾ?"

ಕನ್ನಡಕದಂಗಡಿಯವರು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಕೆಳಗೆ, ತುಂಬ ಕೆಳಗೆ, ಆತ ಒಂದೇ ಸಾಲು ಬರೆದಿದ್ದ. "ಮರಿಗಳಾಗಿವೆ. ಅವಳು ನೋಡಿದ್ದರೆ ಕುಣಿಯುತ್ತಿದ್ದಳು. ನಾನೂ ತಿಂದೆ."

"ಇದೊಂದನ್ನ ನಾನು ಒತ್ತಲ್ಲ ಅಳಿಯಂದ್ರೆ. ಒತ್ತಬೇಕಾದವರು ಬೇರೆ ಇದ್ದಾರೆ" ಎಂದರು ಅತ್ತೆ.

ಇಷ್ಟು ಭಾವಪೂರ್ಣವಾಗಿ ಓದಿದರೆ ಕೆಲಸ ಮುಗಿಯುವುದುಂಟೇ? ತಿಂಗಳ ಕೊನೆ ಹತ್ತಿರ ಬಂದಾಗ ಅರ್ಧಕ್ಕರ್ಧ ಉಳಿದಿತ್ತು. ಕನ್ನಡಕದಂಗಡಿಯವರಿಗೆ ನಿದ್ದೆ ಹಾರಿತು. ಅಂಗಡಿಯಲ್ಲಿ ಒಬ್ಬರಿಗೆ ಅಳತೆ ತೆಗೆದು ಇನ್ನೊಬ್ಬರ ಕನ್ನಡಕ ಕೊಟ್ಟರು. ಅಧ್ಯಕ್ಷರಿಗೆ ಫೋನು ಮಾಡಿದರೆ, "ಹೋಗ್ಲಿ ಬಿಡಿ, ಹಳೇ ಹರಟೆ ಯಾರು ಓದ್ತಾರೆ? ಹೊಸದರಲ್ಲಿ ಹೊಸ ಹರಟೆ ಹೊಡೆಯೋಣ" ಎಂದರು. ತಿಂಗಳ ಹಿಂದಾಗಿದ್ದರೆ ಅವರು ಇದನ್ನು ಅಮೃತವಾಣಿಯೆಂದು ಒಪ್ಪಿ ಮಲಗುತ್ತಿದ್ದರು. ಈಗ ಸಿಟ್ಟು ಬಂತು. ಸಿಟ್ಟು ಬಂದದ್ದು ಕಂಡು ಅವರಿಗೇ ಆಶ್ಚರ್ಯವಾಯಿತು.

"ಅವರವರ ಮಾತು ಅವರವರೇ ಬಂದು ಒತ್ತಿಕೊಳ್ಳಲಿ" ಎಂದರು ಅತ್ತೆ. ಸದಸ್ಯರು ತಮ್ಮ ಪರಿಚಯದ ಪುಟದಲ್ಲಿ ಫೋನ್ ನಂಬರು ಹಾಕಿಕೊಂಡಿದ್ದರು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತು ಒಂದೊಂದಾಗಿ ತಿರುಗಿಸಿದರು. ಆ ದನಿಯನ್ನು ಕನ್ನಡಕದಂಗಡಿಯವರು ಹಿಂದೆಂದೂ ಕೇಳಿರಲಿಲ್ಲ. ಬೆಣ್ಣೆಯಂಥ ದನಿ, ಆದರೆ ಇಲ್ಲ ಎನ್ನಲು ಜಾಗವೇ ಕೊಡದಂಥದ್ದು. "ತಿಮಿಂಗಿಲ ಅವರಾ? ಭಾನುವಾರ ಬೆಳಗ್ಗೆ ನಿಮ್ಮ ಲ್ಯಾಪ್‌ಟಾಪ್ ಸಮೇತ ಬರ್ತಾ ಇದೀರಿ. ವಿಳಾಸ ಬರ್ಕೊಳ್ಳಿ."

ಭಾನುವಾರ ಜನ ಬಂದರು. ಹಜಾರ ತುಂಬಿತು, ಮಲಗುವ ಕೋಣೆ ತುಂಬಿತು, ಅಡುಗೆಮನೆಯ ಕಟ್ಟೆಯ ಮೇಲೂ ಒಂದು ಲ್ಯಾಪ್‌ಟಾಪ್ ಕೂತಿತು. ತಿಮಿಂಗಿಲವೆಂದರೆ ಬಡಕಲು ಬಸ್ ಕಂಡಕ್ಟರು. ಮುಳ್ಳುಮೀಸೆಯವರು ಒಬ್ಬ ಹೆಂಗಸು, ಮಕ್ಕಳ ಡಾಕ್ಟರು, ಮೀಸೆಯ ಸುಳಿವೂ ಇಲ್ಲ. ತಿಳಿನೀರು ದಪ್ಪ ಮೀಸೆಯ ಬಡಗಿ. ಇಬ್ಬರೂ ಮೊದಲ ಬಾರಿಗೆ ಎದುರಾಗಿ ಒಂದೇ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತ, ಕಾಲು ಭಾಗವೋ ಮೂರನೇ ಒಂದು ಭಾಗವೋ ಎಂದು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಶುರುಮಾಡಿದರು. ಹೆಡ್‌ಮಿಸ್ ನಡುವೆ ಹೋಗಿ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಹಾಕಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಮನೆ ನಿಶ್ಶಬ್ದವಾಯಿತು. ಎಲ್ಲರಿಗೂ ಅತ್ತೆಯ ರೋಗವೇ ತಗುಲಿತ್ತು, ಓದಿ ಒತ್ತುತ್ತಿದ್ದರು. ತಾನು ಹುಡುಗನಾಗಿದ್ದಾಗ ಬರೆದದ್ದನ್ನು ನೋಡಿ ಒಬ್ಬ ತನ್ನಷ್ಟಕ್ಕೆ ನಗುತ್ತಿದ್ದ. ನೀಲಿರೆಕ್ಕೆಯ ಗಂಡ ಎಲ್ಲರಿಗಿಂತ ತಡವಾಗಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಏನೂ ಇಲ್ಲ. ಅತ್ತೆ ತಮ್ಮ ಕುರ್ಚಿ ಬಿಟ್ಟೆದ್ದು, ಆ ಪುಟ ತೆರೆದು, ಎಲ್ಲಿ ಒತ್ತಬೇಕೆಂದು ತೋರಿಸಿದರು. ಅವರು ಮೊದಲಿಂದ ಕೊನೆಯವರೆಗೆ ಓದಿ, ಒತ್ತಿ, ಸ್ವಲ್ಪ ಹೊತ್ತು ಕೈ ತೆಗೆಯದೆ ಕೂತರು. ಬಾಗಿಲಲ್ಲಿ ನಿಂತಿದ್ದ ಡಾಕ್ಟರು, "ತಿಂದ್ರಾ?" ಎಂದರು. "ಇನ್ನೂ ಇಲ್ಲ" ಎಂದರು ಅವರು. ಇಬ್ಬರೂ ಅಡುಗೆಮನೆಗೆ ಹೋದರು.

ಕನ್ನಡಕದಂಗಡಿಯವರು ತಮ್ಮದೇ ಮನೆಯ ಹಜಾರದಲ್ಲಿ ನಿಲ್ಲಲು ಜಾಗವಿಲ್ಲದೆ ಮೀನಿನ ತೊಟ್ಟಿಗೆ ಒರಗಿ ನಿಂತಿದ್ದರು. ದೊಡ್ಡದೊಂದು ಕಟ್ಟಡದೊಳಗೆ ಮೊದಲ ಸಲ ಕಾಲಿಟ್ಟು ತಲೆಯೆತ್ತಿ ನೋಡುವವನ ಹಾಗಿತ್ತು ಅವರ ಮುಖ. ಸಂಜೆಗೆ ಎಲ್ಲವೂ ಮುಗಿಯಿತು. ಒಂದು ಪುಟವೂ ಬಿಟ್ಟುಹೋಗಲಿಲ್ಲ.

ಹೊಸ ವೆಬ್‌ಸೈಟಿನ ಉದ್ಘಾಟನೆಗೆ ಕನ್ನಡಕದಂಗಡಿಯವರು ಭಾಷಣ ಬರೆದುಕೊಂಡರು. "ಉಳಿಸಿದವನು ನಾನಲ್ಲ, ನೀವೆಲ್ಲ" ಎಂದು ವಿನಯದಿಂದ ಮುಗಿಸುವುದು, ಜನ "ಇಲ್ಲ ಇಲ್ಲ, ನೀವೇ" ಎನ್ನುವುದು, ಹೀಗೆ ಯೋಜನೆ. ವೆಬ್‌ಸೈಟಿನವನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ ತೋರಿಸಿದ. "ಹಳೇ ಹರಟೆಕಟ್ಟೆ" ಎಂಬಲ್ಲಿ ಒತ್ತಿದ. ಸಭೆಯಲ್ಲಿ ಮೊದಲು ಒಂದು ಕಿಸಕ್, ಆಮೇಲೆ ಎಲ್ಲ ಕಡೆಯಿಂದ ನಗು.

ಸೇವ್ ಮಾಡುವಾಗ ಪುಟಕ್ಕೊಂದು ಹೆಸರು ಕೊಡು ಎಂದು ಯಂತ್ರ ಕೇಳುತ್ತದೆ. ಈ ಸಂಗತಿಯನ್ನು ಅಳಿಯ ಹೇಳಿಕೊಟ್ಟಿರಲಿಲ್ಲ. ಅತ್ತೆ ತಮಗೆ ತೋಚಿದ್ದನ್ನು ಕೊಟ್ಟಿದ್ದರು. ವೆಬ್‌ಸೈಟಿನವನು ಅವನ್ನೇ ಹಾಗೇ ಶೀರ್ಷಿಕೆ ಮಾಡಿದ್ದ. "ಅಹಂಕಾರಿಯ ಎರಡನೇ ಜಗಳ." "ಪಾಪ, ತಿಮಿಂಗಿಲದ ಮೀನು." "ಬಕೆಟ್ ಹಿಡಿದು ಓಡಿದವರು." ಡಾಕ್ಟರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಅದರ ಕೆಳಗೆ, ಉದ್ದಕ್ಕೆ, "ಅಳಿಯಂದಿರ ಪೆದ್ದು ಪ್ರಶ್ನೆ: ಒಂದು", "ಅಳಿಯಂದಿರ ಪೆದ್ದು ಪ್ರಶ್ನೆ: ಎರಡು", ಹೀಗೆ ಗೋಡೆ ಮುಗಿದರೂ ಮುಗಿಯಲಿಲ್ಲ.

ತಿಮಿಂಗಿಲ ಒಂದನೆಯದನ್ನು ತೆರೆಸಿ ಗಟ್ಟಿಯಾಗಿ ಓದಿದ. "ನನ್ನ ಮೀನು ತಂದಾಗಿನಿಂದ ಒಂದು ಸಲವೂ ಕಣ್ಣು ಮುಚ್ಚಿಲ್ಲ. ನಿದ್ದೆ ಬಾರದ ಕಾಯಿಲೆಯೇ? ನಾನು ವೃತ್ತಿಯಿಂದ ಕಣ್ಣಿನ ವಿಷಯ ಬಲ್ಲವನು, ಆದ್ದರಿಂದ ಆತಂಕವಾಗಿದೆ."

ಭಾಷಣ ಜೇಬಿನಲ್ಲೇ ಉಳಿಯಿತು. ಹೆಸರು ಬದಲಿಸೋಣವೇ ಎಂದು ಅಧ್ಯಕ್ಷರು ಕೇಳಿದ್ದಕ್ಕೆ ಸಭೆ ಒಕ್ಕೊರಲಿನಿಂದ ಬೇಡವೆಂದಿತು. ಆಮೇಲೆ ಅಷ್ಟೇ ಒಕ್ಕೊರಲಿನಿಂದ ಅತ್ತೆಯನ್ನು ಹರಟೆಕಟ್ಟೆಯ ಮೇಲ್ವಿಚಾರಕಿಯಾಗಿ ಆರಿಸಿತು.

"ಮೀನಿನ ಕಣ್ಣಿಗೆ ರೆಪ್ಪೆಯೇ ಇಲ್ಲ ಅಂತ ನಿಮಗೆ ಗೊತ್ತಿರಲಿಲ್ವೇನ್ರೀ?" ದಾರಿಯಲ್ಲಿ ಹೆಂಡತಿ ಕೇಳಿದರು.

"ಮನುಷ್ಯರದ್ದು ಗೊತ್ತಿತ್ತು" ಎಂದರು ಅವರು.

ಮುಂದಿನ ವಾರ ಹೊಸ ಹರಟೆಕಟ್ಟೆಗೆ ಮೊದಲ ಹೊಸ ಸದಸ್ಯ ಬಂದ. ಅವನೂ ಮೀನು ಕಣ್ಣು ಮುಚ್ಚುತ್ತಿಲ್ಲವೆಂದೇ ಬರೆದಿದ್ದ, ಗಾಬರಿಯಿಂದ. ಕನ್ನಡಕದಂಗಡಿಯವರು ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಫೋನು ಕೈಗೆತ್ತಿಕೊಂಡರು. ಜನ್ಮದಲ್ಲಿ ಮೊದಲ ಬಾರಿಗೆ ಹರಟೆಕಟ್ಟೆಯ ಒಂದು ಪ್ರಶ್ನೆಗೆ ಅವರಲ್ಲಿ ಉತ್ತರವಿತ್ತು. ಇನ್ನೇನು ಬರೆಯಬೇಕು, ಅಷ್ಟರಲ್ಲಿ ಮೇಲ್ವಿಚಾರಕಿಯ ಉತ್ತರ ಮೂಡಿತು.

"ಹೆದರಬೇಡಿ ಮಗು. ಇದೇ ಪೆದ್ದು ಪ್ರಶ್ನೆ ಕೇಳಿದವರು ನಮ್ಮ ಮನೆಯಲ್ಲೇ ಇದ್ದಾರೆ. ಹಳೇ ಕಟ್ಟೆಯಲ್ಲಿ ಅಳಿಯಂದಿರ ಒಂದನೇ ಪ್ರಶ್ನೆ ನೋಡಿ. ನೀವು ತಿಂದ್ರಾ?"