ಅಜ್ಜನ ತಾರಿ ದೋಣಿಯನ್ನು ನಾನು ನೀರಿಗಿಳಿಸಿದ್ದು

ನಾನು ಕೈ ಹಾಕಿದ ಯಾವ ಕೆಲಸವೂ ನಗೆಪಾಟಲಾಗದೆ ಮುಗಿದದ್ದಿಲ್ಲ. ಆದರೆ ಮುಗಿಯದೆ ಉಳಿದದ್ದೂ ಇಲ್ಲ. ಈ ಎರಡನೆಯ ಮಾತನ್ನು ನಮ್ಮೂರು ಹಣಕೋಣದಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಮ್ಮ ಅಜ್ಜ ಕಾಳಿ ನದಿಯಲ್ಲಿ ಮೋಟಾರು ದೋಣಿಯ ತಾರಿ ನಡೆಸುತ್ತಿದ್ದ. ಈಚೆ ದಡದವರನ್ನು ಆಚೆಗೆ, ಆಚೆಯವರನ್ನು ಈಚೆಗೆ ದಾಟಿಸುವ ಕೆಲಸ. ನಾನು ಚಿಕ್ಕವನಿದ್ದಾಗ ಎಂಜಿನ್ ಪೆಟ್ಟಿಗೆಯ ಮೇಲೆ ಕೂರುವ ಹಕ್ಕು ನನ್ನೊಬ್ಬನದೇ. ಮಳೆಗಾಲದ ಬೆಳಿಗ್ಗೆ ಅಂಡು ಬೆಚ್ಚಗಾಗುವ ಆ ಸುಖ, ಆ ಡೀಸೆಲ್ ವಾಸನೆ, ಮೀನು ಬುಟ್ಟಿಯ ಹೆಂಗಸರ ಜಗಳ, ಇವತ್ತಿಗೂ ಯಾವ ಎ.ಸಿ. ಬಸ್ಸೂ ನನಗೆ ಅದನ್ನು ಕೊಟ್ಟಿಲ್ಲ. ಆಮೇಲೆ ರಸ್ತೆ ಸುಧಾರಿಸಿತು, ಮನೆಗೊಂದು ಬೈಕು ಬಂತು, ತಾರಿ ನಿಂತಿತು. ದೋಣಿಯನ್ನು ಕೊಟ್ಟಿಗೆಯ ಮಾಡಿನಡಿ ಕವುಚಿಟ್ಟ ಅಜ್ಜ ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಹಸು ಕಟ್ಟಲಿಕ್ಕೂ ಹಿಂದಿನಿಂದ ಸುತ್ತಿ ಹೋಗುತ್ತಿದ್ದ.

ಈ ವರ್ಷ ಒಂದು ರೆಸಾರ್ಟಿನವರು ಬಂದು, ದೋಣಿ ಕೊಡಿ, ಗೇಟಿನ ಮುಂದಿಟ್ಟು ಮಣ್ಣು ತುಂಬಿ ಹೂವಿನ ಗಿಡ ನೆಡುತ್ತೇವೆ ಎಂದರು. ದೊಡ್ಡಪ್ಪ ಹೂಂ ಅಂದೇಬಿಟ್ಟ. ನನಗೆ ಮೈ ಉರಿಯಿತು.

"ಅಜ್ಜನ ದೋಣಿಯಲ್ಲಿ ದಾಸವಾಳವಾ? ನಾನು ಅದನ್ನು ನೀರಿಗಿಳಿಸ್ತೆ. ಅಜ್ಜನ್ನೇ ಚುಕ್ಕಾಣಿಗೆ ಕೂರಿಸ್ತೆ!"

"ಆಯ್ತೋ ಶೂರ," ಎಂದ ದೊಡ್ಡಪ್ಪ. "ಅಕ್ಷಯ ತದಿಗೆ ದಿನ ದೋಣಿ ನೀರಲ್ಲಿದ್ರೆ ನಿಂದು. ಇಲ್ಲದಿದ್ರೆ ರೆಸಾರ್ಟಿಂದು."

ಮೊದಲ ಅಡ್ಡಿ

ಅವತ್ತೇ ವಾಟ್ಸಾಪಿನಲ್ಲಿ ಊರಿಗೆಲ್ಲ ಸಾರಿದೆ: ನಾಳೆಯಿಂದ ಕೆಲಸ ಶುರು. ಮರುದಿನ ನಾಲ್ಕು ಗೆಳೆಯರನ್ನು ಕರೆದುಕೊಂಡು ದೋಣಿ ಎತ್ತಲು ಹೋದರೆ ಅಜ್ಜಿ ಕಸಬರಿಗೆ ಹಿಡಿದು ಅಡ್ಡ ನಿಂತಳು.

"ಮುಟ್ಟಬೇಡಿ! ದೋಣಿ ಅಡಿಗೆ ಕೋಳಿ ಕಾವಿಗೆ ಕೂತದೆ. ನಿನ್ನೆಯಷ್ಟೇ ಕೂತದ್ದು."

"ಬುಟ್ಟೀಲಿ ಕೂರಿಸು ಅಜ್ಜಿ."

"ನಿನ್ನ ಅಮ್ಮ ನಿನ್ನ ಹೆರೂಕೆ ಹೋದಾಗ ಆಸ್ಪತ್ರೆ ಎತ್ತಿ ಬೇರೆ ಕಡೆ ಇಟ್ಟಿದ್ವೇನೋ?"

ಇಪ್ಪತ್ತೊಂದು ದಿನ ಕೆಲಸ ಬಂದ್. ನಾನೋ ದಿನಾ ಸ್ಟೇಟಸ್ ಹಾಕುತ್ತಿದ್ದೆ, ಕೆಲಸ ಭರದಿಂದ ಸಾಗಿದೆ ಎಂದು. ಕೊನೆಗೆ ಗೆಳೆಯನೊಬ್ಬ ನೋಡಲೆಂದೇ ಮನೆಗೆ ಬಂದು, "ಅಜ್ಜೀ, ಎಲ್ಲಿತನಕ ಆಯ್ತು ಇವನ ಕೆಲಸ?" ಎಂದು ಕೇಳಿದ.

ಅಜ್ಜಿ ಹೆಮ್ಮೆಯಿಂದ ಹೇಳಿದಳು: "ಹನ್ನೊಂದು ಮರಿ ಆಯ್ತು. ಒಂದು ಮೊಟ್ಟೆ ಮಾತ್ರ ಕೆಟ್ಟೋಯ್ತು."

ಶೇಂಗಾ ಗದ್ದೆಯ ಎಂಜಿನ್

ದೋಣಿಯ ಎಂಜಿನ್ ನಮ್ಮಲ್ಲಿರಲಿಲ್ಲ. ತಾರಿ ನಿಂತಾಗ ಅದನ್ನು ಬಿಚ್ಚಿ ಅಂಕೋಲೆಯ ಅತ್ತೆಗೆ ಕೊಟ್ಟಿದ್ದರು. ಅಷ್ಟು ವರ್ಷದಿಂದ ಅದು ಅವಳ ಶೇಂಗಾ ಗದ್ದೆಗೆ ನೀರೆತ್ತುತ್ತಿತ್ತು. ಶೇಂಗಾ ಕಿತ್ತು ಮುಗಿದ ಮೇಲೆ ಟೆಂಪೋ ಮಾಡಿಕೊಂಡು ಹೋದೆ.

"ಚಾಲೂ ಮಾಡಿ ನೋಡ್ಕಂಡೇ ತಕಂಡು ಹೋಗು ಮಾರಾಯ," ಎಂದಳು ಅತ್ತೆ. "ಆದ್ರೆ ಅದು ನನ್ನ ಕೈಗೆ ಮಾತ್ರ ಚಾಲೂ ಆಗೂದು."

ನಾನು ಐ.ಟಿ.ಐ. ಡೀಸೆಲ್ ಮೆಕ್ಯಾನಿಕ್. ಫಸ್ಟ್ ಕ್ಲಾಸ್. ಇಂಥ ಮಾತನ್ನು ಕೇಳಿ ಸುಮ್ಮನಿರುವ ಜಾತಿಯಲ್ಲ. ಅಂಗಿ ಬಿಚ್ಚಿ ಹ್ಯಾಂಡಲ್ ಹಾಕಿ ತಿರುಗಿಸಿದೆ. ಸುತ್ತಲಿನ ಮನೆಯವರೆಲ್ಲ ಬೇಲಿಗೆ ಬಂದು ನಿಂತರು. ನಲವತ್ತು ಸಲ ತಿರುಗಿಸಿದೆ. ಎಂಜಿನ್ ಒಮ್ಮೆ ಕೆಮ್ಮಿದ್ದೂ ಇಲ್ಲ. ನಾನು ಕೆಮ್ಮಿದೆ.

"ಪಿಸ್ಟನ್ ಹೋಗ್ಯದೆ," ಎಂದು ಘೋಷಿಸಿದೆ. "ಪೂರ್ತಿ ಬಿಚ್ಚಬೇಕು."

ಅತ್ತೆ ಬಂಗಡೆ ಕೊಯ್ಯುತ್ತಿದ್ದವಳು ಎದ್ದು ಬಂದಳು. ಅಡುಗೆ ಮನೆಯಿಂದ ಒಂದು ಚಮಚ ಎಣ್ಣೆ ತಂದು ಗಾಳಿ ಎಳೆಯುವ ಬಾಯಿಗೆ ಬಿಟ್ಟಳು. "ನೆಂಟರ ಮುಂದೆ ಮರ್ಯಾದೆ ತೆಗೀತೀಯಾ?" ಎಂದು ಎಂಜಿನ್ನಿಗೆ ಬೈದು ಎರಡೇ ಸುತ್ತು ತಿರುಗಿಸಿದಳು. ಡುಗು ಡುಗು ಡುಗು ಎಂದು ಅದು ಹಾಡತೊಡಗಿತು. ಆ ಸದ್ದು ಕೇಳಿದ್ದೇ ನನಗೆ ಒಂದು ಕ್ಷಣ ಶಾಲೆಯ ಚೀಲ ಹೆಗಲಿಗೆ ಬಂದಂತಾಯಿತು. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎಂದು ಹೇಳಿದೆ.

ಅತ್ತೆ ಕೈ ಒರೆಸಿಕೊಂಡು ಬೇಲಿಯವರಿಗೆ ಕೇಳುವಂತೆ ಸಮಾಧಾನ ಮಾಡಿದಳು: "ನಿನ್ನ ತಪ್ಪಲ್ಲ ಪುತಾ. ಅದಕ್ಕೆ ಸರ್ಟಿಫಿಕೇಟು ಓದೂಕೆ ಬರೂದಿಲ್ಲ."

ಅಕ್ಷಯ ತದಿಗೆ

ಹಲಗೆಗಳ ನಡುವಿನ ಸಂದುಗಳಿಗೆ ಹಿಂದಿನವರು ಹತ್ತಿ ಹುರಿ ತುರುಕಿ ರಾಳ ಬಳಿಯುತ್ತಿದ್ದರು. ಅಜ್ಜಿಯ ಕೈಲಿ ಅಜ್ಜ ಹೇಳಿಸಿಯೂ ಇದ್ದ, ಅದನ್ನೇ ಮಾಡು, ವಾರ ಮೊದಲೇ ನೀರಿಗೆ ಹಾಕು ಎಂದು. ನಾನು ಕೇಳಲಿಲ್ಲ. ಕಾರವಾರದ ಪೇಟೆಯಿಂದ ಕಾರಿಗೆ ಹಚ್ಚುವ ಪುಟ್ಟಿ ತಂದು ಮೆತ್ತಿದೆ, ಮೇಲೆ ನೀಲಿ ಬಣ್ಣ ಹೊಡೆದೆ. ಗಾಜಿನಂತೆ ಹೊಳೆಯಿತು.

ತದಿಗೆಯ ದಿನ ದಡದಲ್ಲಿ ಅರ್ಧ ಊರು. ಪೂಜೆ ಆಗದೆ ಎಂಜಿನ್ ಕೂರಿಸಬಾರದೆಂದು ಅಜ್ಜಿ ಹಠ ಹಿಡಿದಿದ್ದರಿಂದ ಅದು ದಂಡೆಯ ಮೇಲಿತ್ತು. ಆ ಹಠಕ್ಕೆ ನಾನು ಜೀವಮಾನವಿಡೀ ಋಣಿ. ಕಾಯಿ ಒಡೆದರು, ದೋಣಿ ನೂಕಿದೆವು, ಸೀಟಿ ಬಿದ್ದವು. ನಾನು ದೋಣಿಯ ಮೂತಿಯ ಮೇಲೆ ನಿಂತು ಎರಡೂ ಕೈ ಎತ್ತಿದೆ, ಗೆಳೆಯರು ವಿಡಿಯೋ ಮಾಡಿದರು. ಆ ವಿಡಿಯೋದಲ್ಲಿ ಮೊದಲು ನನ್ನ ಕಾಲಿದೆ. ಆಮೇಲೆ ಮೊಣಕಾಲಿದೆ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ಇದೆ. ಪುಟ್ಟಿ ರೊಟ್ಟಿಯ ಹಾಗೆ ತೇಲಿ ಹೋಗುತ್ತಿತ್ತು.

ದೊಡ್ಡಪ್ಪ ಫೋನು ತೆಗೆದ. "ರೆಸಾರ್ಟಿನವರಿಗೆ ಬರೂಕೆ ಹೇಳ್ತೆ."

"ಯಾಕೆ?" ಎಂದು ಎದೆಮಟ್ಟ ನೀರಲ್ಲಿ ನಿಂತೇ ಜೋರು ಮಾಡಿದೆ. "ತದಿಗೆ ದಿನ ದೋಣಿ ನೀರಲ್ಲಿರಬೇಕು ಅಂದ್ರಿ. ಇದೆಯಲ್ಲ? ಇದಕ್ಕಿಂತ ಹೆಚ್ಚು ನೀರಲ್ಲಿರೂಕೆ ಯಾವ ದೋಣಿಗೆ ಸಾಧ್ಯ?"

ದಡದಲ್ಲಿ ನಗು ಎದ್ದಿತು. ಆ ನಗುವಿನಲ್ಲಿ ಒಂದು ಅಜ್ಜನದು. ಅವನು ಬಂದದ್ದೇ ನಮಗೆ ಗೊತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಬಂದು, ಮುಳುಗಿದ ಹಲಗೆಯನ್ನು ಹಸುವಿನ ಬೆನ್ನು ಸವರಿದಂತೆ ಸವರಿದ.

"ಒಣಗಿ ಬಿರುಕು ಬಿಟ್ಟ ಮರ. ಕುಡೀಲಿ ಬಿಡು. ಹೊಟ್ಟೆ ತುಂಬಿದ ಮೇಲೆ ತಾನೇ ಬಾಯಿ ಮುಚ್ತದೆ." ಆಮೇಲೆ ನನ್ನನ್ನು ನೋಡಿ, "ನೀನೂ ನಾಲ್ಕು ದಿನ ಮುಚ್ಚು," ಎಂದ.

ಕೊನೆಯದು

ನಾಲ್ಕು ದಿನ ನೀರು ಕುಡಿದ ಹಲಗೆಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡವು. ನೀರು ಮೊಗೆದು ಚೆಲ್ಲಿದೆವು, ಉಳಿದ ಸಂದಿಗೆ ಅಜ್ಜನೇ ಕೂತು ಹುರಿ ತುರುಕಿದ. ಎಂಜಿನ್ ಕೂರಿಸಿದೆ. ಎಣ್ಣೆಯ ಚಮಚ ಜೇಬಲ್ಲೇ ಇತ್ತು. ಅಜ್ಜ ಚುಕ್ಕಾಣಿ ಹಿಡಿದ, ನಾನು ಎಂಜಿನ್ ಪೆಟ್ಟಿಗೆಯ ಮೇಲೆ, ಮದುವೆ ಊಟಕ್ಕೆ ಹೊರಟಿದ್ದ ದೊಡ್ಡಪ್ಪ ಇಸ್ತ್ರಿಯ ಅಂಗಿಯಲ್ಲಿ, ಒಂದು ಸುತ್ತು ನೋಡೇ ಬಿಡ್ತೆ ಎಂದು ನಡುವೆ. ದೋಣಿ ನದಿ ಸೀಳಿ ಹೋಯಿತು. ಅಜ್ಜನ ಬೆನ್ನು ನೆಟ್ಟಗಾಗಿತ್ತು.  

ಆಚೆ ದಡ ಮುಟ್ಟಿದ್ದೇ ಅಜ್ಜ ಎಂಜಿನ್ ಬಂದ್ ಮಾಡಿ, ಇಳಿದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ.

"ಹೋಗೂದಲ್ದಾ ಅಪ್ಪಾ?" ಎಂದ ದೊಡ್ಡಪ್ಪ.

"ಹನ್ನೆರಡು ಜನ ಆಗದೆ ತಾರಿ ಬಿಡೂದಿಲ್ಲ."

"ಅಪ್ಪಾ, ನಾನು ನಿನ್ನ ಮಗ! ಊಟಕ್ಕೆ ಹೋಗಬೇಕು!"

"ಮಗ ಆದ್ರೆ ಹನ್ನೆರಡು ಸೀಟಲ್ಲಿ ಕೂರ್ತಿಯಾ? ಒಂದರಲ್ಲೇ ಅಲ್ದಾ?" ಅಜ್ಜ ಎದ್ದು ನಿಂತು ಖಾಲಿ ರಸ್ತೆಗೆ ಕೂಗಿದ: "ಹಣಕೋಣಾ... ಹಣಕೋಣ!" ಒಂದು ಎಮ್ಮೆ ತಿರುಗಿ ನೋಡಿತು.

ಮುಕ್ಕಾಲು ಗಂಟೆ ಕಾದೆವು. ಕೊನೆಗೆ ನನ್ನ ಬುದ್ಧಿಯೇ ಕೆಲಸಕ್ಕೆ ಬಂತು. ಗೆಳೆಯರಿಗೆ ಫೋನು ಮಾಡಿದೆ. ಐದು ಬೈಕಿನಲ್ಲಿ ಹತ್ತು ಜನ ದೂರದ ಸೇತುವೆ ಸುತ್ತಿ ಬಂದರು, ಬೈಕು ನಿಲ್ಲಿಸಿ ದೋಣಿ ಹತ್ತಿದರು. ನಾನು, ದೊಡ್ಡಪ್ಪ ಸೇರಿ ಹನ್ನೆರಡು. ಅಜ್ಜ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿ ತಾರಿ ಬಿಟ್ಟ. ಹಾಡುತ್ತ, ಕೂಗುತ್ತ ಹಣಕೋಣಕ್ಕೆ ಬಂದಿಳಿದೆವು. ಆಗ ಒಬ್ಬ ಕೈಯಲ್ಲಿದ್ದ ಕೀಲಿ ನೋಡಿಕೊಂಡು ಕೇಳಿದ: "ಬೈಕು?"

"ಹತ್ತಿ, ಹತ್ತಿ, ಮುಟ್ಟಿಸ್ತೆ," ಎಂದ ಅಜ್ಜ. ಹೊಳೆಯುವ ಕಣ್ಣಿಂದ ಎಣಿಸಿದ. "ಹತ್ತೇ ಜನ. ಇನ್ನಿಬ್ಬರು ಬೇಕು."

ನಾನು ಹತ್ತಿದೆ. ದೊಡ್ಡಪ್ಪ ತನ್ನ ಗಡಿಯಾರ ನೋಡಿದ, ಅಜ್ಜನ ಮುಖ ನೋಡಿದ. ಚಪ್ಪಲಿ ಕೈಗೆ ತಕ್ಕೊಂಡು ದೋಣಿಗೆ ಕಾಲಿಟ್ಟ. "ರೆಸಾರ್ಟಿನವರು ಬೇರೆ ಕುಂಡ ಹುಡುಕ್ಕೊಳ್ಳಲಿ," ಎಂದ.

 ಗೆದ್ದೆ ನೋಡಿ! ಆ ಖುಷಿಯಲ್ಲಿ ಆಚೆ ದಡ ಮುಟ್ಟಿದ್ದು, ಹತ್ತೂ ಜನ ಟಾಟಾ ಹೇಳಿ ಬೈಕು ಹತ್ತಿ ತಿರುವಿನಲ್ಲಿ ಮಾಯವಾದದ್ದು ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ದೋಣಿಯಲ್ಲಿ ಉಳಿದದ್ದು ನಾನು ಮತ್ತು ದೊಡ್ಡಪ್ಪ.

ಅಜ್ಜ ಆಗಲೇ ಎಂಜಿನ್ ಬಂದ್ ಮಾಡಿ, ಕಲ್ಲಿನ ಮೇಲೆ ಕೂತು, ಬೀಡಿ ಹಚ್ಚಿದ್ದ.